ಕಿವಿಯಿಂದ ಆಡುವ ಆಟ

ಅಡಗಿ ಸಾಗುವ ಆಟಗಳಿಗೆ, ಅಂದರೆ ಸ್ಟೆಲ್ತ್ ಗೇಮ್‌ಗಳಿಗೆ, 1998 ಸುಗ್ಗಿಯ ವರ್ಷ. ಜಪಾನಿನಿಂದ ‘ತೆಂಚು’ ಬಂತು, ‘ಮೆಟಲ್ ಗೇರ್ ಸಾಲಿಡ್’ ಬಂತು. ವರ್ಷ ಮುಗಿಯುವ ಹೊತ್ತಿಗೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ‘ಥೀಫ್: ದ ಡಾರ್ಕ್ ಪ್ರಾಜೆಕ್ಟ್’ ಎಂಬ ಆಟವನ್ನು ಹೊರತಂದಿತು. ಹೆಸರು, ಹಣ ಎರಡರಲ್ಲೂ ಮೆಟಲ್ ಗೇರ್ ಮುಂದೆ ಹೋಯಿತು, ನಿಜ. ಆದರೆ ಕಾಲು ಶತಮಾನ ಕಳೆದ ಮೇಲೂ ಜನ ಬಿಡುವಿನ ವೇಳೆಯನ್ನೆಲ್ಲ ಸುರಿದು ಹೊಸ ಹೊಸ ಮಿಷನ್‌ಗಳನ್ನು ಕಟ್ಟುತ್ತಿರುವುದು ಥೀಫ್‌ಗಾಗಿ. ಚೌಕ ಚೌಕ ಮುಖಗಳು, ಮಸುಕು ಗೋಡೆಗಳು, ಮರದ ಗೊಂಬೆಗಳಂತೆ ಕೈ ಬೀಸುವ ಕಾವಲುಗಾರರು, ಇಷ್ಟಿದ್ದೂ ಅದು ಹಳತಾಗಿಲ್ಲ. ಕಾರಣವನ್ನು ಹಲವರು ಅದರ ವಾತಾವರಣದಲ್ಲಿ, ಕಥೆಯಲ್ಲಿ, ಅದರ ಕಳ್ಳ ಗ್ಯಾರೆಟ್‌ನ ಒಣ ದನಿಯಲ್ಲಿ ಹುಡುಕುತ್ತಾರೆ. ಅವೆಲ್ಲವೂ ಚೆನ್ನಾಗಿವೆ. ಆದರೆ ಆಟ ಬಾಳಿದ್ದು ಬೇರೊಂದು ಗುಣದಿಂದ: ಅದು ಸದ್ದನ್ನು ಅಲಂಕಾರವಾಗಿ ಬಳಸಲಿಲ್ಲ, ನಿಯಮವಾಗಿ ಬಳಸಿತು. ಆ ನಿಯಮದ ವಿಷಯದಲ್ಲಿ ಆಟಗಾರನಿಗೆ ಎಲ್ಲೂ ಮೋಸ ಮಾಡಲಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆಂದು ಕೊಂಚ ಹತ್ತಿರದಿಂದ ನೋಡಬೇಕು. ಆ ಕಾಲದ ಬಹುತೇಕ ಆಟಗಳಲ್ಲಿ ಸದ್ದಿಗೆ ಇದ್ದ ಲೆಕ್ಕ ಒಂದೇ, ದೂರ. ಹತ್ತಿರವಿದ್ದರೆ ಜೋರು, ದೂರವಿದ್ದರೆ ಮೆಲ್ಲಗೆ. ನಡುವೆ ಕಲ್ಲಿನ ಗೋಡೆ ಇದೆಯೋ ತೆರೆದ ಬಾಗಿಲಿದೆಯೋ ಎಂಬುದು ಲೆಕ್ಕಕ್ಕಿಲ್ಲ. ಥೀಫ್ ಪ್ರತಿ ಕಟ್ಟಡವನ್ನೂ ಕೋಣೆ ಕೋಣೆಯಾಗಿ ವಿಂಗಡಿಸಿ, ಒಂದರಿಂದ ಇನ್ನೊಂದಕ್ಕೆ ಸದ್ದು ಯಾವ ದಾರಿಯಲ್ಲಿ ಹರಿಯಬೇಕೆಂದು ನಕ್ಷೆ ಇಟ್ಟುಕೊಂಡಿತ್ತು. ಹಾಗಾಗಿ ಗೋಡೆಯಾಚೆ ನಡೆಯುತ್ತಿರುವವನ ಬೂಟಿನ ಸಪ್ಪಳ ಗೋಡೆಯನ್ನು ತೂರಿ ಬರುವುದಿಲ್ಲ. ಹಜಾರ ಸುತ್ತಿ, ಬಾಗಿಲ ಕಡೆಯಿಂದ ಬರುತ್ತದೆ. ಬಾಗಿಲು ಮುಚ್ಚಿದರೆ ಸದ್ದು ಕುಗ್ಗುತ್ತದೆ. ಇನ್ನೂ ಮುಖ್ಯವಾದದ್ದು, ಅದೇ ನಕ್ಷೆಯ ಮೂಲಕವೇ ಕಾವಲುಗಾರರ ಕಿವಿಗೂ ಸದ್ದು ತಲುಪುತ್ತಿತ್ತು. ಆಟಗಾರ ಕೇಳಿಸಿಕೊಳ್ಳುವ ಜಗತ್ತೂ ಎದುರಾಳಿ ಕೇಳಿಸಿಕೊಳ್ಳುವ ಜಗತ್ತೂ ಒಂದೇ. ಮೆಟಲ್ ಗೇರ್ ಸಾಲಿಡ್‌ನಲ್ಲಿ ಪರದೆಯ ಮೂಲೆಯಲ್ಲೊಂದು ರೇಡಾರ್ ಇದ್ದು, ಶತ್ರುಗಳ ನೋಟ ಎಲ್ಲಿಯವರೆಗೆ ಚಾಚಿದೆ ಎಂದು ಬಿಡಿಸಿ ತೋರಿಸುತ್ತದೆ. ಥೀಫ್‌ನಲ್ಲಿ ಅಂಥ ಚಿತ್ರವಿಲ್ಲ. ರೇಡಾರ್ ಎಂದರೆ ಕಿವಿಯೇ.

ಮೊದಲ ಮಿಷನ್ ಲಾರ್ಡ್ ಬ್ಯಾಫರ್ಡ್‌ನ ಬಂಗಲೆಯಲ್ಲಿ ರಾಜದಂಡವೊಂದನ್ನು ಕದಿಯುವುದು. ಒಳಗೆ ಕಾಲಿಟ್ಟವರಿಗೆ ಮೊದಲು ಅರಿವಾಗುವುದು ನೆಲ. ಹಾಸುಗಲ್ಲಿನ ಮೇಲೆ ಹೆಜ್ಜೆ ಟಕಟಕ ಎನ್ನುತ್ತದೆ, ಲೋಹದ ಜಾಲರಿಯ ಮೇಲೆ ಇಡೀ ಮನೆ ಎಚ್ಚರಗೊಳ್ಳುವಷ್ಟು ಝಣಗುಡುತ್ತದೆ, ರತ್ನಗಂಬಳಿಯ ಮೇಲೆ ಸದ್ದೇ ಇಲ್ಲ. ಶ್ರೀಮಂತನ ಮನೆಯ ಗಂಬಳಿ ಇಲ್ಲಿ ಒಂದು ದಾರಿ; ಅದು ಮುಗಿದು ಹೊಳೆಯುವ ಟೈಲ್ಸ್ ಶುರುವಾಗುವ ಅಂಚು ಒಂದು ಗಡಿ. ದಾಟಲೇಬೇಕಾದರೆ ಕಾವಲುಗಾರನ ಹೆಜ್ಜೆ ದೂರವಾಗುವವರೆಗೆ ಕಾದು, ಇಂಚಿಂಚಾಗಿ ಸರಿಯಬೇಕು. ಇಲ್ಲವೇ ಪಾಚಿಯ ಬಾಣ ಬಿಟ್ಟು ನೆಲದ ಮೇಲೆ ಹಸಿರು ಮೆತ್ತೆ ಹಾಸಬೇಕು. ನೀರಿನ ಬಾಣ ಪಂಜನ್ನು ಆರಿಸುತ್ತದೆ. ಹಗ್ಗದ ಬಾಣ ಮರದ ತೊಲೆಗೆ ನಾಟುತ್ತದೆ, ಕಲ್ಲಿಗೆ ನಾಟುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಆಟಗಾರ ಬಾಯಿಪಾಠ ಮಾಡಬೇಕಾಗಿಲ್ಲ. ಮರ, ಕಲ್ಲು, ನೀರು, ಬೆಂಕಿಗಳ ಬಗ್ಗೆ ಅವನಿಗೆ ಮೊದಲೇ ತಿಳಿದಿರುವುದೇ ಇಲ್ಲೂ ನಡೆಯುತ್ತದೆ.

ಬೆಳಕಿನ ವಿಷಯದಲ್ಲೂ ಇದೇ ನೇರ ವ್ಯವಹಾರ. ಪರದೆಯ ಕೆಳಗೊಂದು ಹರಳಿದೆ. ಆಟಗಾರ ಎಷ್ಟರಮಟ್ಟಿಗೆ ಕಾಣಿಸುತ್ತಿದ್ದಾನೆ ಎಂಬುದಕ್ಕೆ ತಕ್ಕಂತೆ ಅದು ಬೆಳಗುತ್ತದೆ, ಕಪ್ಪಾಗುತ್ತದೆ. ಕಾವಲುಗಾರರೂ ತಮ್ಮ ಮನಸ್ಸನ್ನು ಗಟ್ಟಿಯಾಗಿ ಹೇಳಿಬಿಡುತ್ತಾರೆ: ಏನೋ ಸದ್ದಾಯಿತಲ್ಲ ಎಂದು ಗೊಣಗುತ್ತಾರೆ, ಹುಡುಕಿ ಸಿಗದಿದ್ದರೆ ಇಲಿಯಿರಬೇಕು ಎಂದುಕೊಂಡು ಸೀಟಿ ಹಾಕುತ್ತ ಮರಳುತ್ತಾರೆ. ನಿಜವಾದ ಮನುಷ್ಯರು ಹೀಗೆ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವುದಿಲ್ಲ ಎಂದು ಆಕ್ಷೇಪಿಸಬಹುದು. ಸರಿಯೇ. ಆದರೆ ಆ ಗೊಣಗಾಟ ಅವರೊಳಗಿನ ಅನುಮಾನ ಯಾವ ಮಟ್ಟಕ್ಕೆ ಏರಿದೆ ಎಂಬ ಸುದ್ದಿ. ಅದಿಲ್ಲದಿದ್ದರೆ ಸೋತವನಿಗೆ ತಾನು ಯಾಕೆ ಸೋತೆ ಎಂದೇ ತಿಳಿಯದು. ಸಹಜತೆಯನ್ನು ಅಷ್ಟಿಷ್ಟು ಬಿಟ್ಟುಕೊಟ್ಟು ನ್ಯಾಯವನ್ನು ಉಳಿಸಿಕೊಂಡ ಈ ಆಯ್ಕೆ ನನಗೆ ತೀರ ಸರಿಯಾಗಿ ಕಾಣುತ್ತದೆ.

ಗ್ಯಾರೆಟ್ ದುರ್ಬಲನೆಂಬುದು ಈ ವ್ಯವಸ್ಥೆಗೆ ಅರ್ಥ ತಂದಿತು. ಲುಕಿಂಗ್ ಗ್ಲಾಸ್ ಈ ಯೋಜನೆಯನ್ನು ಒಂದು ಹಂತದಲ್ಲಿ ‘ಡಾರ್ಕ್ ಕ್ಯಾಮೆಲಾಟ್’ ಎಂಬ, ಆರ್ಥರ್ ರಾಜನ ಕಥೆಯನ್ನು ತಿರುವುಮುರುವು ಮಾಡಿದ ಕತ್ತಿವರಸೆಯ ಆಟವಾಗಿ ಕಲ್ಪಿಸಿಕೊಂಡಿತ್ತು. ಮುಂದೆ ಕತ್ತಿ ಹಿಂದೆ ಸರಿದು ಕಳ್ಳತನ ಮುಂದೆ ಬಂತು. ಗ್ಯಾರೆಟ್‌ನ ಬಳಿ ಕತ್ತಿಯಿದೆ, ಆದರೆ ಇಬ್ಬರು ಎದುರಾದರೆ ಅವನ ಕಥೆ ಮುಗಿಯಿತು. ಅತಿ ಕಠಿಣ ಹಂತವಾದ ‘ಎಕ್ಸ್‌ಪರ್ಟ್’ ಆಯ್ದುಕೊಂಡರಂತೂ ಮನುಷ್ಯರನ್ನು ಕೊಲ್ಲುವಂತೆಯೇ ಇಲ್ಲ. ಬೇರೆ ಆಟಗಳು ಕಷ್ಟ ಹೆಚ್ಚಿಸಲು ಶತ್ರುಗಳ ಬಲ ಹೆಚ್ಚಿಸುತ್ತಿದ್ದ ದಿನಗಳಲ್ಲಿ ಇದು ಆಟಗಾರನಿಂದ ಹೆಚ್ಚು ಸಂಯಮ ಕೇಳಿತು, ಹೆಚ್ಚು ಕೆಲಸ ವಹಿಸಿತು. ಬಲವಿಲ್ಲದವನಿಗೆ ಮಾಹಿತಿಯೇ ಬಲ. ಆದ್ದರಿಂದಲೇ ಪ್ರತಿ ಸಪ್ಪಳವೂ ಬೆಲೆಬಾಳುತ್ತದೆ. ಬಾಗಿಲಿಗೆ ವಾಲಿ ಕಿವಿಗೊಡುವುದೇ ಇಲ್ಲಿ ಒಂದು ಸಾಹಸ. ನಕ್ಷೆಗಳೂ ಇದಕ್ಕೆ ತಕ್ಕಂತಿವೆ. ಗ್ಯಾರೆಟ್‌ನ ಕೈಯಲ್ಲಿರುವುದು ಅಲ್ಲಿ ಇಲ್ಲಿ ವಿಚಾರಿಸಿ ಗೀಚಿಕೊಂಡ ಕಾಗದ, ನಿಂತ ಜಾಗವನ್ನು ಚುಕ್ಕಿಯಿಟ್ಟು ತೋರಿಸುವ ಯಂತ್ರವಲ್ಲ. ‘ದ ಸ್ವೋರ್ಡ್’ ಎಂಬ ಮಿಷನ್‌ನಲ್ಲಿ ಕಾನ್‌ಸ್ಟಂಟೈನ್ ಎಂಬವನ ಮಹಲಿನ ಒಳಭಾಗದ ನಕ್ಷೆ ಬಹುಪಾಲು ಖಾಲಿ. ಒಳಹೊಕ್ಕರೆ ನೆಲ ವಾಲಿದೆ, ಹಜಾರ ತಿರುಚಿದೆ. ಅಲ್ಲಿ ದಾರಿ ತಪ್ಪುವುದು ಮಿಷನ್‌ನ ಭಾಗವೇ.

ಈ ಮೆಚ್ಚುಗೆಯೆಲ್ಲ ಬರೀ ಹಳೆಯ ನೆನಪಿನ ಹಂಬಲ ಎನ್ನುವವರಿದ್ದಾರೆ. ಹರೆಯದಲ್ಲಿ ಆಡಿದ್ದು ಎಲ್ಲರಿಗೂ ಚೆನ್ನ ಎಂಬುದು ತಳ್ಳಿಹಾಕುವ ಮಾತಲ್ಲ. ಆದರೆ ಅದಷ್ಟೇ ಕಾರಣವಾಗಿದ್ದರೆ ಹೆಸರು, ನಾಯಕ, ಊರು ಎಲ್ಲವನ್ನೂ ಉಳಿಸಿಕೊಂಡು ಗ್ರಾಫಿಕ್ಸ್ ಮಾತ್ರ ಹೊಸದಾಗಿಸಿದರೆ ಆ ಹಂಬಲ ತಣಿಯಬೇಕಿತ್ತು. 2014ರಲ್ಲಿ ಐಡೋಸ್ ಮಾಂಟ್ರಿಯಲ್ ತಂದ ‘ಥೀಫ್’ ನೋಡುವುದಕ್ಕೆ ನಿಜಕ್ಕೂ ಸೊಗಸು. ಆದರೆ ಅದರಲ್ಲಿ ಹಗ್ಗದ ಬಾಣ ಗುರುತು ಹಾಕಿದ ಜಾಗಗಳಿಗೆ ಮಾತ್ರ ನಾಟುತ್ತದೆ, ಬೇಕಾದಲ್ಲಿ ಜಿಗಿಯುವ ಸ್ವಾತಂತ್ರ್ಯವಿಲ್ಲ, ಸದ್ದು ಎಲ್ಲಿಂದ, ಎಷ್ಟು ದೂರದಿಂದ ಬರುತ್ತಿದೆ ಎಂಬುದೂ ಸರಿಯಾಗಿ ತಿಳಿಯುವುದಿಲ್ಲ ಎಂಬ ದೂರು ಕೇಳಿಬಂತು. ಮರದ ತೊಲೆ ಕಣ್ಣಿಗೆ ಕಾಣುತ್ತಿದ್ದರೂ ಬಾಣ ನಾಟದು ಎಂದರೆ ಆ ತೊಲೆ ಬರಿಯ ಚಿತ್ರ. ಹಳೆಯ ಅಭಿಮಾನಿಗಳು ದೂರ ಉಳಿದದ್ದು ಇಂಥ ಕಾರಣಗಳಿಗೆ. ಗ್ಯಾರೆಟ್‌ಗೆ ದನಿ ಕೊಡುತ್ತಿದ್ದ ಸ್ಟೀಫನ್ ರಸೆಲ್ ಅವರನ್ನು ಕೈಬಿಟ್ಟದ್ದೂ ಬೇಸರ ತಂದಿತು, ಆದರೆ ಅದು ನಂತರದ ಮಾತು.

ಹಳೆಯ ಆಟದಲ್ಲಿ ಕುಂದಿಲ್ಲ ಎಂದಲ್ಲ. ಸುಮಾರು ಅರ್ಧದಷ್ಟು ಮಿಷನ್‌ಗಳಲ್ಲಿ ಗೋರಿಗಳಿಂದೆದ್ದ ಹೆಣಗಳೂ ವಿಕಾರ ಪ್ರಾಣಿಗಳೂ ತುಂಬಿವೆ. ಸೀಟಿ ಹಾಕದ, ಅನುಮಾನವನ್ನು ಮಾತಿನಲ್ಲಿ ತಿಳಿಸದ ಹೆಣದೊಂದಿಗೆ ಕಣ್ಣಾಮುಚ್ಚಾಲೆಗೆ ರುಚಿ ಕಮ್ಮಿ. ಬಹಳ ಮಂದಿ ಅಲ್ಲಿ ಓಡಿಯೇ ಪಾರಾಗುತ್ತಾರೆ. ತಯಾರಕರಿಗೂ ಇದು ಮನದಟ್ಟಾಗಿರಬೇಕು. 2000ದ ಮಾರ್ಚ್‌ನಲ್ಲಿ ಬಂದ ‘ಥೀಫ್ 2: ದ ಮೆಟಲ್ ಏಜ್’ನಲ್ಲಿ ಹೆಣಗಳ ಕಾಟ ತಗ್ಗಿತು, ಬ್ಯಾಂಕು, ಗೋದಾಮು, ಮಾಳಿಗೆಗಳ ಸಾಲು ಮುನ್ನೆಲೆಗೆ ಬಂದವು. ಅದು ಬಂದ ಎರಡೇ ತಿಂಗಳಿಗೆ ಲುಕಿಂಗ್ ಗ್ಲಾಸ್ ಬಾಗಿಲು ಮುಚ್ಚಿತು. ಆದರೆ ಹೆಣಗಳ ಮಿಷನ್‌ಗಳ ಈ ಕುಂದೇ ನನ್ನ ವಾದಕ್ಕೆ ಆಧಾರ. ವಾತಾವರಣವೇ ಆಟದ ಜೀವಾಳವಾಗಿದ್ದರೆ ಎಲ್ಲಕ್ಕಿಂತ ಭಯಾನಕವಾದ ಆ ಗೋರಿಗಳೇ ಅಚ್ಚುಮೆಚ್ಚಾಗಬೇಕಿತ್ತು. ಜನ ಮತ್ತೆ ಮತ್ತೆ ಹೋಗುವುದು ಮನುಷ್ಯರು ಕಾವಲಿರುವ ಬಂಗಲೆಗಳಿಗೆ, ಕೇಳಿಸಿಕೊಂಡರೆ ಉತ್ತರ ಸಿಗುವ ಜಾಗಗಳಿಗೆ.

ಕಳ್ಳತನವನ್ನು ಮೋಜಿನ ವಸ್ತುವಾಗಿಸುವುದು ಸರಿಯೇ ಎಂಬ ಪ್ರಶ್ನೆಯೂ ಇದೆ. ಇದಕ್ಕೆ ಶೂದ್ರಕನ ‘ಮೃಚ್ಛಕಟಿಕ’ವನ್ನು ನೆನೆಯಬೇಕು. ಗಿರೀಶ ಕಾರ್ನಾಡರು 1984ರಲ್ಲಿ ‘ಉತ್ಸವ್’ ಎಂಬ ಹಿಂದಿ ಸಿನಿಮಾ ಮಾಡಿದ್ದು ಇದೇ ನಾಟಕದ ಮೇಲೆ. ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕ ಎಂಬವನು ನಾಯಕ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಜನಿವಾರದಿಂದ ಅಳತೆ ತೆಗೆಯುತ್ತಾನೆ, ಮಲಗಿದವರು ನಿಜಕ್ಕೂ ನಿದ್ದೆಯಲ್ಲಿದ್ದಾರೆಯೇ ಎಂದು ಪರೀಕ್ಷಿಸುತ್ತಾನೆ, ದೀಪ ಆರಿಸಲು ಹುಳವೊಂದನ್ನು ಹಾರಿಬಿಡುತ್ತಾನೆ. ಹಳೆಯ ಕದ ಕಿರುಗುಟ್ಟೀತೆಂದು ನೀರು ಹಾಕುತ್ತಾನೆ, ಆ ನೀರು ನೆಲಕ್ಕೆ ಬಿದ್ದು ಸದ್ದಾದೀತೆಂದು ಮತ್ತೆ ಹೆದರುತ್ತಾನೆ. ನೋಡುವವರು ಉಸಿರು ಬಿಗಿಹಿಡಿಯುವುದು ಕದ್ದ ಒಡವೆಯ ಆಸೆಗಲ್ಲ, ಆ ಎಚ್ಚರಕ್ಕೆ, ಆ ಕಸುಬುಗಾರಿಕೆಗೆ. ಥೀಫ್ ಕೊಡುವುದೂ ಅದನ್ನೇ. ಗ್ಯಾರೆಟ್ ಕದ್ದ ಹಣ ಮುಂದಿನ ಮಿಷನ್ನಿನ ಬಾಣಗಳಿಗೆ ಖರ್ಚಾಗಿ ಹೋಗುತ್ತದೆ. ಮಿಕ್ಕಿದ್ದು ಕೂಡಿ ಬರುವುದಿಲ್ಲ. ಆಟಗಾರನಲ್ಲಿ ಉಳಿದು ಬೆಳೆಯುವುದು ಕಿವಿಯ ತರಬೇತಿ ಮಾತ್ರ.

ಸ್ಟುಡಿಯೊ ಮುಚ್ಚುವ ಮೊದಲೇ ಲುಕಿಂಗ್ ಗ್ಲಾಸ್ ‘ಡ್ರೊಮೆಡ್’ ಎಂಬ ತನ್ನ ಮಿಷನ್ ಕಟ್ಟುವ ಸಲಕರಣೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತ್ತು. ಅಂದಿನಿಂದ ಅಭಿಮಾನಿಗಳು ಕಟ್ಟಿರುವ ಮಿಷನ್‌ಗಳ ಸಂಖ್ಯೆ ಸಾವಿರ ಮೀರಿದೆ. ಇದೇ ಪ್ರೀತಿಯಿಂದ ಹುಟ್ಟಿದ ‘ದ ಡಾರ್ಕ್ ಮಾಡ್’ 2013ರಿಂದ ಯಾರು ಬೇಕಾದರೂ ಉಚಿತವಾಗಿ ಆಡಬಹುದಾದ ಸ್ವತಂತ್ರ ಆಟವಾಗಿದೆ. ಡ್ರೊಮೆಡ್ ಸುಲಭದ ಸಲಕರಣೆಯಲ್ಲ. ಗೋಡೆ, ಮಾಡು, ದೀಪ ಎಲ್ಲ ಇಟ್ಟು ಮುಗಿಸಿದ ಮೇಲೂ ಪ್ರತಿ ಕೋಣೆಯ ಸುತ್ತ ಕಣ್ಣಿಗೆ ಕಾಣದ ಪೆಟ್ಟಿಗೆಯೊಂದನ್ನು ಕೈಯಾರೆ ಎಳೆದು, ಅದು ಪಕ್ಕದ ಪೆಟ್ಟಿಗೆಯನ್ನು ಬಾಗಿಲಲ್ಲಿ ಮುಟ್ಟುವಂತೆ ಕೂರಿಸಬೇಕು. ಎಲ್ಲೋ ಒಂದು ಕಡೆ ಸಂದು ಬಿಟ್ಟರೆ ಅಲ್ಲಿಗೆ ಸದ್ದಿನ ದಾರಿ ಕಡಿಯುತ್ತದೆ, ಕಾವಲುಗಾರ ಕಿವುಡನಾಗುತ್ತಾನೆ. ನೆನಪಿನ ಹಂಬಲವಷ್ಟೇ ಇದ್ದವರು ಹಳೆಯ ಬಂಗಲೆಗೇ ಮರಳಿ ಹೋಗಿ ತೃಪ್ತರಾಗುತ್ತಾರೆ, ಇಂಥ ತಾಳ್ಮೆಯ ಕೆಲಸಕ್ಕೆ ಕೂರುವುದಿಲ್ಲ. 2023ರ ಡಿಸೆಂಬರ್‌ನಲ್ಲಿ, ಆಟಕ್ಕೆ 25 ವರ್ಷ ತುಂಬಿದಾಗ, ಅಭಿಮಾನಿಗಳ ತಂಡವೊಂದು ‘ದ ಬ್ಲ್ಯಾಕ್ ಪರೇಡ್’ ಎಂಬ ಹತ್ತು ಮಿಷನ್‌ಗಳ ಹೊಚ್ಚಹೊಸ ಕಥೆಯನ್ನು ಬಿಡುಗಡೆ ಮಾಡಿತು. ಅವರು ಆರಿಸಿಕೊಂಡದ್ದು 1998ರ ಎಂಜಿನ್ನನ್ನೇ.