ನೋಹನ ನಾವೆಯೊಳಗೆ ಎರಡು ದನಿ

ಪ್ರಾಣಿಗಳು ಜೋಡಿ ಜೋಡಿಯಾಗಿ ನಾವೆ ಹತ್ತುತ್ತವೆ, ನಲವತ್ತು ಹಗಲು ನಲವತ್ತು ರಾತ್ರಿ ಮಳೆ ಹೊಯ್ಯುತ್ತದೆ, ಪಾರಿವಾಳ ಎಲೆ ಕಚ್ಚಿಕೊಂಡು ಬರುತ್ತದೆ. ನೋಹನ ಕಥೆ ನಮ್ಮ ನೆನಪಿನಲ್ಲಿ ಉಳಿದಿರುವುದು ಹೀಗೆ. ಬೈಬಲ್ಲಿನ ಆದಿಕಾಂಡವನ್ನೇ ತೆರೆದು ನಿಧಾನವಾಗಿ ಓದಿದರೆ ಅಲ್ಲಲ್ಲಿ ಎಡವುತ್ತೇವೆ. ಆರನೆಯ ಅಧ್ಯಾಯದಲ್ಲಿ ಪ್ರತಿ ಜಾತಿಯಿಂದ ಒಂದು ಜೋಡಿ ಸಾಕು. ಏಳನೆಯದರಲ್ಲಿ ಶುದ್ಧ ಪ್ರಾಣಿಗಳಾದರೆ ಏಳೇಳು ಜೋಡಿ ಬೇಕು. ಮಳೆ ಸುರಿದದ್ದು 40 ದಿನ, ಆದರೆ ನೀರು ಭೂಮಿಯನ್ನು ಆವರಿಸಿದ್ದದ್ದು 150 ದಿನ. ದೇವರ ಹೆಸರೂ ಒಂದೇ ಅಲ್ಲ. ಹೀಬ್ರೂ ಮೂಲದ ‘ಎಲೋಹೀಮ್’ ಮತ್ತು ‘ಯಾಹ್ವೆ’ ಎರಡನ್ನೂ ಕಲಸಿಬಿಡದೆ ಕನ್ನಡದ ಹಳೆಯ ಅನುವಾದ ‘ದೇವರು’, ‘ಯೆಹೋವ’ ಎಂದು ಬೇರೆಬೇರೆಯಾಗಿಯೇ ಇಟ್ಟಿದೆ. ಹೀಬ್ರೂ ಬಾರದ ಕನ್ನಡ ಓದುಗರೂ ಎರಡು ಬಣ್ಣದ ಪೆನ್ಸಿಲ್ ಹಿಡಿದು ಈ ಅಧ್ಯಾಯಗಳಿಗೆ ಗೆರೆ ಎಳೆದು ನೋಡಬಹುದು.

ಫ್ರೆಂಚ್ ವೈದ್ಯ ಝಾನ್ ಆಸ್ಟ್ರುಕ್ 1753ರಲ್ಲಿ ಆದಿಕಾಂಡಕ್ಕೆ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಪುಸ್ತಕಕ್ಕೆ ತನ್ನ ಹೆಸರನ್ನು ಹಾಕಲಿಲ್ಲ. ಅವನು ನಾಸ್ತಿಕನಲ್ಲ, ಮೋಶೆಯೇ ಹಿಂದಿನ ಬರಹಗಳನ್ನು ಮುಂದಿಟ್ಟುಕೊಂಡು ಗ್ರಂಥ ರಚಿಸಿದ ಎಂದು ತೋರಿಸಿ ಮೋಶೆಯ ಕರ್ತೃತ್ವವನ್ನು ಉಳಿಸಹೊರಟವನು. ಭಕ್ತಿಯಿಂದ ಹುಟ್ಟಿದ ಈ ಎಚ್ಚರದ ಓದು ಮುಂದೆ ಒಂದು ಶಾಸ್ತ್ರವಾಗಿ ಬೆಳೆಯಿತು. 1878ರಲ್ಲಿ ಜರ್ಮನಿಯ ಯೂಲಿಯುಸ್ ವೆಲ್‌ಹಾಸನ್ ಈ ಎಳೆಗಳನ್ನು ಇಸ್ರೇಲಿನ ಆರಾಧನೆಯ ಚರಿತ್ರೆಯೊಂದಿಗೆ ಜೋಡಿಸಿದ. ತನ್ನ ಪಾಠ ವಿದ್ಯಾರ್ಥಿಗಳನ್ನು ಸಭಾಸೇವೆಗೆ ಸಿದ್ಧಗೊಳಿಸುತ್ತಿಲ್ಲ ಎಂಬ ಅಳುಕಿನಿಂದ 1882ರಲ್ಲಿ ದೇವಶಾಸ್ತ್ರದ ಪೀಠವನ್ನೇ ಬಿಟ್ಟ. ಆ ಪ್ರಾಮಾಣಿಕತೆ ನನ್ನನ್ನು ಇಂದಿಗೂ ಕಲಕುತ್ತದೆ.

ಬಣ್ಣಗಳನ್ನು ಬಿಡಿಸಿದ ಮೇಲೆ ಏಳೇಳು ಜೋಡಿಯ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ‘ಯೆಹೋವ’ ಎನ್ನುವ ಕಥೆಯಲ್ಲಿ ನೋಹ ನೆಲಕ್ಕಿಳಿದವನೇ ಯಜ್ಞವೇದಿ ಕಟ್ಟಿ ಶುದ್ಧ ಪ್ರಾಣಿಪಕ್ಷಿಗಳನ್ನು ಅರ್ಪಿಸುತ್ತಾನೆ. ಇದ್ದದ್ದು ಒಂದೇ ಜೋಡಿಯಾಗಿದ್ದರೆ ಆ ಜಾತಿ ವೇದಿಯ ಮೇಲೆಯೇ ಮುಗಿದುಹೋಗುತ್ತಿತ್ತು! ಇನ್ನೊಂದು ಕಥೆಯಲ್ಲಿ ಯಜ್ಞವೇ ಇಲ್ಲ. ಅದನ್ನು ಬರೆದವರು ಪುರೋಹಿತ ಪರಂಪರೆಯವರು; ಅವರ ಲೆಕ್ಕದಲ್ಲಿ ಬಲಿಯ ವಿಧಿ ಬಂದದ್ದು ಮೋಶೆಯ ಕಾಲಕ್ಕೆ, ಅರ್ಪಿಸುವ ಅಧಿಕಾರ ಆರೋನನ ಮನೆತನಕ್ಕೆ. ನೋಹನಿಗೆ ಒಂದು ಜೋಡಿ ಸಾಕು. ಲಿಪಿಕಾರನ ಕೈತಪ್ಪು ಎಂದುಕೊಂಡದ್ದರ ಹಿಂದೆ ಆರಾಧನೆಯ ಬಗ್ಗೆಯೇ ಎರಡು ತಿಳಿವಳಿಕೆಗಳಿದ್ದವು.

ತಾಳೆಗರಿಗಳ ಪಾಠಾಂತರಗಳನ್ನು ಅಕ್ಕಪಕ್ಕ ಇಟ್ಟು ತೂಗುವ ವಿದ್ಯೆಯನ್ನು ಡಿ.ಎಲ್. ನರಸಿಂಹಾಚಾರ್ಯರಿಂದ ಕಲಿತ ಕನ್ನಡಕ್ಕೆ ಈ ಕೆಲಸ ಅಪರಿಚಿತವೇನಲ್ಲ. ಬೈಬಲ್ ವಿದ್ವಾಂಸರು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ, ಪ್ರತಿಗಳು ಹುಟ್ಟುವ ಮೊದಲು ಪಠ್ಯ ಹೇಗೆ ಕೂಡಿಬಂತು ಎಂದು ಕೇಳುತ್ತಾರೆ. ಕೆಲವೊಮ್ಮೆ ಮಣ್ಣೂ ಸಾಕ್ಷಿ ಹೇಳುತ್ತದೆ. 1872ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಸ್ಮಿತ್ ನಿನೆವೆಯಿಂದ ಬಂದ ಜೇಡಿಮಣ್ಣಿನ ಹಲಗೆಯೊಂದರಲ್ಲಿ ಬ್ಯಾಬಿಲೋನಿಯದ ಪ್ರಳಯಕಥೆಯನ್ನು ಓದಿದ. ಅಲ್ಲಿಯೂ ನಾವೆ ಬೆಟ್ಟದ ಮೇಲೆ ನಿಲ್ಲುತ್ತದೆ, ಅಲ್ಲಿಯೂ ಹಕ್ಕಿಗಳನ್ನು ಹಾರಿಬಿಡುತ್ತಾರೆ.

ನೋಹನ ಕಥೆಯ ಈ ಎರಡೂ ಸೇರಿದಂತೆ ವೆಲ್‌ಹಾಸನ್ ಬಿಡಿಸಿದ ನಾಲ್ಕು ಎಳೆಗಳ ನಕ್ಷೆ 1970ರ ದಶಕದಿಂದೀಚೆಗೆ ಬಹಳ ಅಲುಗಾಡಿದೆ. ಪುರೋಹಿತ ಎಳೆಯನ್ನು ಮಾತ್ರ ಬಹುತೇಕ ವಿದ್ವಾಂಸರು ಈಗಲೂ ಗುರುತಿಸುತ್ತಾರೆ. ನನಗೆ ಈ ಎಳೆಗಳಿಗಿಂತ ಅವನ್ನು ಹೆಣೆದವನೇ ದೊಡ್ಡವನಾಗಿ ಕಾಣುತ್ತಾನೆ. ಒಂದನ್ನು ಅಳಿಸಿದ್ದರೆ ಕಥೆ ನುಣುಪಾಗುತ್ತಿತ್ತು, ಅವನು ಅಳಿಸಲಿಲ್ಲ. ಅವನ ಸೂಜಿಯ ಗುರುತು ಏಳನೆಯ ಅಧ್ಯಾಯದ ಹದಿನಾರನೆಯ ವಚನದಲ್ಲಿದೆ. ಗಂಡು ಹೆಣ್ಣು ಪ್ರಾಣಿಗಳು ನಾವೆಯೊಳಗೆ ಸೇರಿದ್ದು ದೇವರ ಅಪ್ಪಣೆಯಂತೆ. ಅದೇ ಉಸಿರಿನಲ್ಲಿ, ನೋಹನ ಹಿಂದೆ ಬಾಗಿಲು ಮುಚ್ಚಿದವನು ಯೆಹೋವ.