ಅರ್ಜಿಯಿಂದ ಹುಟ್ಟಿದ ಊರು ವೈಟ್‌ಫೀಲ್ಡ್

ಮೆಟ್ರೊ ರೈಲಿನಿಂದ ಇಳಿದು ಕಚೇರಿಯ ಕಡೆಗೆ ಧಾವಿಸುವ ಯುವಕರನ್ನು ನಿಲ್ಲಿಸಿ, ‘ವೈಟ್‌ಫೀಲ್ಡ್ ಎಂಬ ಹೆಸರು ಹೇಗೆ ಬಂತು?’ ಎಂದು ಕೇಳಿ ನೋಡಿ. ‘ಬಿಳಿಯ ಬಯಲು’ ಎಂದು ಅರ್ಥ ಹೇಳಿ ನಕ್ಕು ಮುಂದೆ ಹೋಗುವವರೇ ಹೆಚ್ಚು. ಆದರೆ ಇಲ್ಲಿ ವೈಟ್ ಎಂಬುದು ಬಣ್ಣವಲ್ಲ, ಒಬ್ಬ ಮನುಷ್ಯನ ಹೆಸರು. ನೆಲವಿಲ್ಲದ ಒಂದು ಸಮುದಾಯಕ್ಕಾಗಿ ಅರ್ಜಿ ಹಿಡಿದು ನಿಂತ ಡಿ.ಎಸ್. ವೈಟ್ ಅವರ ಹೆಸರು.

ಆ ಸಮುದಾಯ ಯುರೇಷಿಯನ್ನರದು. ತಂದೆಯ ಕಡೆಯಿಂದ ಯೂರೋಪು, ತಾಯಿಯ ಕಡೆಯಿಂದ ಭಾರತ. 1911ರ ನಂತರ ಸರ್ಕಾರಿ ಕಾಗದಗಳಲ್ಲಿ ಇವರೇ ಆಂಗ್ಲೋ-ಇಂಡಿಯನ್ನರಾದರು. ಇಂಗ್ಲಿಷರಿಗೆ ಇವರು ಪೂರ್ತಿ ತಮ್ಮವರಲ್ಲ, ಊರಿನವರಿಗೂ ತಮ್ಮವರಲ್ಲ. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೇ ಇವರಿಗೆ ತನ್ನ ದೊಡ್ಡ ನೌಕರಿಗಳ ಬಾಗಿಲು ಮುಚ್ಚಿತು. ಕಲ್ಕತ್ತೆಯ ಜಾನ್ ವಿಲಿಯಂ ರಿಕೆಟ್ಸ್ ತಮ್ಮವರ ಅಹವಾಲನ್ನು ಹಡಗಿನಲ್ಲಿ ಲಂಡನ್ನಿಗೆ ಒಯ್ದರು. 1830ರಲ್ಲಿ ಅದು ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂತು. ಹುಟ್ಟು, ಬಣ್ಣ, ಧರ್ಮಗಳ ಕಾರಣಕ್ಕೆ ಯಾರಿಗೂ ನೌಕರಿ ನಿರಾಕರಿಸಬಾರದೆಂದು 1833ರ ಸನದು ಕಾಯ್ದೆ ಸಾರಿತು. ಕಾಯ್ದೆಯ ಮಾತು ಒಂದು, ಕಚೇರಿಯ ನಡವಳಿಕೆ ಇನ್ನೊಂದು ಎಂಬುದು ಅಂದಿಗೂ ಹೊಸತಲ್ಲ.

ಮದರಾಸಿನಲ್ಲಿದ್ದ ವೈಟ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ತಿಂಗಳ ಸಂಬಳವನ್ನೇ ನಂಬಿದ ಕುಲ ಸಂಬಳ ನಿಂತ ದಿನ ಬೀದಿಗೆ ಬೀಳುತ್ತದೆ, ಸ್ವಂತ ನೆಲದಲ್ಲಿ ಬೆಳೆದು ಉಣ್ಣುವುದನ್ನು ಕಲಿಯಬೇಕು ಎಂಬುದು ಅವರ ವಾದದ ತಿರುಳು. ಹಾಗಾದರೆ ನೆಲ ಕೊಡುವವರು ಯಾರು?

ಕೊಟ್ಟವರು ಮೈಸೂರಿನ ಮಹಾರಾಜರು. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತ್ತು. ಅದಕ್ಕೆ ಮೊದಲು, 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಸಂಸ್ಥಾನದ ಸುಮಾರು 10 ಲಕ್ಷ ಜನ, ಎಂದರೆ ಐವರಲ್ಲಿ ಒಬ್ಬರು, ಅಸುನೀಗಿದ್ದರು. ಉಳುವ ಕೈಗಳು ಕಡಿಮೆಯಾಗಿದ್ದ ಆ ಕಾಲದಲ್ಲಿ, 1882ರಲ್ಲಿ, ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ದೊರೆಯಿತು. ನಡುವೆ ಬಯಲು, ಅದರ ಸುತ್ತ ಉಂಗುರದಂತೆ ರಸ್ತೆ, ರಸ್ತೆಯ ಅಂಚಿಗೆ ಹೆಂಚಿನ ಮನೆ, ಹಿಂದೆ ತೋಟ. ಇಂದಿಗೂ ‘ಇನ್ನರ್ ಸರ್ಕಲ್’ ಎಂದು ಕರೆಯುವುದು ಆ ಉಂಗುರವನ್ನೇ.

ಕನಸು ಮತ್ತು ಕೆಮ್ಮಣ್ಣು

ನಕ್ಷೆ ಸುಂದರವಾಗಿತ್ತು. ಆದರೆ ಬೇಸಾಯ ನಕ್ಷೆಯ ಮೇಲೆ ನಡೆಯುವುದಿಲ್ಲವಷ್ಟೆ! ನದಿಯಿಲ್ಲದ ಕೆಮ್ಮಣ್ಣಿನ ಸೀಮೆ ಇದು. ಮಳೆ ನಂಬಿದರೆ ರಾಗಿ, ಬಾವಿ ತೋಡಿದರೆ ತರಕಾರಿ. ಬಾವಿಗೆ ಬಂಡವಾಳ ಬೇಕು, ಬಂಡವಾಳಕ್ಕೆ ಮತ್ತೆ ಸಂಬಳವೇ ಬೇಕು. ಯುವಕರನ್ನು ರೈಲ್ವೆ, ತಂತಿ ಇಲಾಖೆ, ಕೋಲಾರದ ಚಿನ್ನದ ಗಣಿಗಳು ಕರೆದುಕೊಂಡವು. ವೈಟ್ 1889ರಲ್ಲಿ ತೀರಿಕೊಂಡರು. ಊರು ಕ್ರಮೇಣ ನಿವೃತ್ತರ ತಂಗುದಾಣವಾಯಿತು. 1947ರ ನಂತರ ಅನೇಕ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಗಳ ಹಡಗು ಹತ್ತಿದವು. ಇಂಥದೇ ಕನಸು ಕಂಡು 1933ರಲ್ಲಿ ಈಗಿನ ಜಾರ್ಖಂಡಿನಲ್ಲಿ ಕಟ್ಟಿದ ಮೆಕ್ಲಸ್ಕಿಗಂಜ್ ಎಂಬ ಊರಿನ ಕಥೆಯೂ ಹೆಚ್ಚು ಬೇರೆಯಲ್ಲ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಒಬ್ಬರಿಗೆ ನೆಲ ಸಿಕ್ಕಿತು ಎಂದರೆ ಆ ನೆಲದ ಸುತ್ತ ಮೊದಲೇ ಬದುಕುತ್ತಿದ್ದವರ ಪಾಡೇನು? ಸರ್ಕಾರಿ ಲೆಕ್ಕದಲ್ಲಿ ‘ಬೀಳು’ ಎನಿಸಿಕೊಂಡ ಜಾಗ ಹಳ್ಳಿಯವರ ಲೆಕ್ಕದಲ್ಲಿ ದನ ಮೇಯುವ ಜಾಗ, ಸೌದೆ ತರುವ ಜಾಗ. ಇಂಗ್ಲಿಷ್ ಬಲ್ಲ ಸಂಘದ ಅರ್ಜಿ ಅರಮನೆ ಮುಟ್ಟುತ್ತದೆ, ಅಕ್ಷರ ಬಾರದ ದನಗಾಹಿಯ ಅಹವಾಲು ಶಾನುಭೋಗರ ಜಗುಲಿಯನ್ನೂ ದಾಟುವುದಿಲ್ಲ. ಹೀಗೆ ಕಾಗದಕ್ಕೆ ಇಳಿಯದ ಅಹವಾಲುಗಳು ಚರಿತ್ರೆಯಲ್ಲಿ ಎಷ್ಟಿವೆಯೋ!

ಈ ಸೀಮೆಯ ಊರ ಹೆಸರುಗಳನ್ನು ಗಮನಿಸಿ. ಐ.ಟಿ. ಪಾರ್ಕಿನ ಪಕ್ಕದ್ದು ಪಟ್ಟಂದೂರು ಅಗ್ರಹಾರ, ಎಲೆಕ್ಟ್ರಾನಿಕ್ ಸಿಟಿಯ ಬಳಿಯದು ಕೋನಪ್ಪನ ಅಗ್ರಹಾರ. ಅಗ್ರಹಾರವೆಂದರೆ ಅರಸರು ಬ್ರಾಹ್ಮಣರಿಗೆ ದಾನ ಕೊಟ್ಟ ಊರು. ಅಂದು ಅಗ್ರಹಾರ, 1882ರಲ್ಲಿ ಸಂಘಕ್ಕೆ ಜಮೀನು, ಆಮೇಲೆ ಕೈಗಾರಿಕೆಗೆ ನಿವೇಶನ. ಕೊಡುವ ಕೈ ಬದಲಾಯಿತು, ಪಡೆಯುವ ಕೈ ಬದಲಾಯಿತು, ನೆಲ ಅದೇ.

ಸಾರ್ವಜನಿಕ ಉದ್ದೇಶವೆಂದು ಹೇಳಿ ರೈತನ ಭೂಮಿ ಪಡೆಯಲು ಬ್ರಿಟಿಷರು 1894ರಲ್ಲಿ ಮಾಡಿದ ಕಾಯ್ದೆ, ತಿದ್ದುಪಡಿಗಳೊಂದಿಗೆ, ಸ್ವತಂತ್ರ ಭಾರತದಲ್ಲೂ 2013ರ ಕೊನೆಯವರೆಗೆ ಬಾಳಿತು. ಕೈಗಾರಿಕೆಗಾಗಿ ಕರ್ನಾಟಕದ್ದೇ 1966ರ ಕಾಯ್ದೆ ಬೇರೆ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ವಿಷಯದಲ್ಲಿ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈಯಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಈ ಸಲ ಅಹವಾಲು ಹೇಳಿದವರು ವಲಸೆ ಬಂದವರಲ್ಲ, ಅಲ್ಲೇ ಉತ್ತು ಬಿತ್ತುತ್ತಿದ್ದವರು.

ವಿದ್ಯಾರ್ಥಿಗಳು ಈ ಪಾಠವನ್ನು ಪರೀಕ್ಷೆಗಾಗಿ ಓದಬೇಕಾಗಿಲ್ಲ. ರಜೆಯಲ್ಲಿ ಅಜ್ಜನ ಪೆಟ್ಟಿಗೆ ತೆರೆಯಿರಿ. ಹಳೆಯ ಪಹಣಿ, ಕಂದಾಯದ ರಸೀದಿ, ಅರ್ಜಿಯ ನಕಲು ಸಿಕ್ಕೀತು. ಅದರ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿಗಳನ್ನು ಹಿರಿಯರ ಪಕ್ಕ ಕೂತು ಓದಿಸಿಕೊಳ್ಳಿ. ಬಾಡಿಗೆ ಮನೆಯಲ್ಲಿದ್ದರೆ, ನಿಮ್ಮ ಬಡಾವಣೆ ಎದ್ದಿರುವುದು ಯಾವ ಹಳ್ಳಿಯ ಯಾವ ಹೊಲದ ಮೇಲೆ ಎಂದು ವಿಚಾರಿಸಿ. ಇನ್ನೂ ಆಸಕ್ತಿಯಿದ್ದರೆ ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರವಿದೆ. ತಂದೆತಾಯಿಗಳು ಒಂದು ಭಾನುವಾರ ಮಕ್ಕಳನ್ನು ಇನ್ನರ್ ಸರ್ಕಲ್ಲಿಗೆ ಕರೆದೊಯ್ದು ಆ ಉಂಗುರವನ್ನು ಒಂದು ಸುತ್ತು ನಡೆಸಲಿ. ಹೆಂಚಿನ ಮನೆಗಳು ಬೆರಳೆಣಿಕೆಗೆ ಇಳಿದಿವೆ. ಅವು ಇರುವಾಗಲೇ ನೋಡಿ ಬರುವುದು ಒಳ್ಳೆಯದು.