ಡಬ್ಬಿ ಮೆಣಸಿನಕಾಯಿ ಮತ್ತು ಮ್ಯೂಸಿಯಂನ ಮಬ್ಬು ಬೆಳಕು

ಗಳಗನಾಥದ ಗಳಗೇಶ್ವರ ಗುಡಿಯ ನೆರಳಲ್ಲಿ ಕೂತಿದ್ದಾಗ ರಾಣೆಬೆನ್ನೂರು ಕಡೆಯ ಎಂ.ಎಸ್ಸಿ. ಹುಡುಗಿಯೊಬ್ಬಳು ಕೇಳಿದಳು: ‘ಸರ್, ಮ್ಯೂಸಿಯಂನ್ಯಾಗ ಕೆಮಿಸ್ಟ್ರಿ ಓದಿದವ್ರಿಗೆ ರಿಸರ್ಚ್ ಫೆಲೋಶಿಪ್ ಕೊಡ್ತಾರಂತಲ್ರೀ, ಅಲ್ಲಿ ನಮಗೇನ್ ಕೆಲಸರೀ? ಮೂರ್ತಿ ತೊಳಿಯೋದಾ?’ ತೊಳಿಯೋದಲ್ಲವ್ವಾ, ಉತ್ತರ ಬ್ಯಾಡಗಿ ಪ್ಯಾಟ್ಯಾಗೈತಿ ಎಂದೆ.

ಬ್ಯಾಡಗಿಯ ಡಬ್ಬಿ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಆ ಕೆಂಪಿನ ಬಹುಪಾಲು ಕ್ಯಾಪ್ಸಾಂಥಿನ್ ಎಂಬ ವಸ್ತುವಿನದು. ಇಂಗಾಲದ ಪರಮಾಣುಗಳು ಒಂದು ಬಿಟ್ಟೊಂದು ಜೋಡಿಬಂಧ ಹಾಕಿಕೊಂಡು ಉದ್ದಕ್ಕೆ ನಿಂತ ಸರಪಳಿ ಅದು. ನೀಲಿ, ಹಸಿರು ಬೆಳಕನ್ನು ತಾನು ನುಂಗಿ ಕೆಂಪನ್ನು ನಮಗೆ ಬಿಡುತ್ತದೆ. ಆಮ್ಲಜನಕ ಬಂದು ಸರಪಳಿ ಕಡಿದರೆ ಕೆಂಪು ಹೋಯಿತು. ಬಿಸಿಲು, ಸೆಕೆ ಎರಡೂ ಆ ಕಡಿತಕ್ಕೆ ಕುಮ್ಮಕ್ಕು ಕೊಡುತ್ತವೆ. ವ್ಯಾಪಾರಿಗೆ ಕ್ಯಾಪ್ಸಾಂಥಿನ್ ಹೆಸರು ಗೊತ್ತಿರಲಿಕ್ಕಿಲ್ಲ. ಆದರೂ ಚೀಲಗಳನ್ನು ಕೋಲ್ಡ್ ಸ್ಟೋರೇಜಿನ ಕತ್ತಲೆಗೆ ಸಾಗಿಸುತ್ತಾನೆ. ಮ್ಯೂಸಿಯಂ ವಿಜ್ಞಾನಿಯ ಅರ್ಧ ವಿದ್ಯೆ ಅಲ್ಲೇ ಇದೆ.

ಈ ವಿದ್ಯೆಗೆ ಲೆಕ್ಕ ಬಂದದ್ದು ಲಂಡನ್ನಿನ ಒಂದು ಜಗಳದಿಂದ. ಮ್ಯೂಸಿಯಂನಲ್ಲಿ ತೂಗುಹಾಕಿದ ಜಲವರ್ಣ ಚಿತ್ರಗಳು ಮಾಸುತ್ತಿವೆಯೇ ಇಲ್ಲವೇ ಎಂದು ಪತ್ರಿಕೆಗಳಲ್ಲಿ ಕಿತ್ತಾಟ ನಡೆದಾಗ ರಸೆಲ್ ಮತ್ತು ಕ್ಯಾಪ್ಟನ್ ಆಬ್ನಿ ಎಂಬಿಬ್ಬರು ಪರೀಕ್ಷೆಗಿಳಿದರು. ಬಣ್ಣ ಬಳಿದ ಕಾಗದದ ಪಟ್ಟಿಗಳನ್ನು ಗಾಜಿನ ನಳಿಗೆಗಳಿಗೆ ತೂರಿಸಿ, ಅರ್ಧ ಭಾಗ ಮುಚ್ಚಿ, ಬಿಸಿಲಿಗೆ ಕಟ್ಟಿದರು. 1886ರಲ್ಲಿ ಕಟ್ಟಿದ್ದನ್ನು 1888ರಲ್ಲಿ ಬಿಚ್ಚಿದರು. ಗಾಳಿ, ತೇವ ಎರಡನ್ನೂ ತೆಗೆದಿದ್ದ ನಳಿಗೆಗಳಲ್ಲಿ ಹೆಚ್ಚಿನ ಬಣ್ಣಗಳು ಇದ್ದ ಹಾಗೇ ಇದ್ದವು! ಪ್ರಷ್ಯನ್ ನೀಲಿ ಮಾತ್ರ ತುಂಟ. ನಿರ್ವಾತದಲ್ಲೂ ಬಿಳಿಚಿಕೊಂಡು, ಗಾಳಿ ತಾಗಿದಾಗ ಮತ್ತೆ ನೀಲಿಯಾಯಿತು. ಇಂಥ ಕಾಯುವಿಕೆಗೆ ಸಂಬಳ ಕೊಡುವವರು ಬೇಕಲ್ಲ, ಫೆಲೋಶಿಪ್ ಇರುವುದೇ ಅದಕ್ಕೆ.

ಹಳೆಯ ರೇಷ್ಮೆ, ಜಲವರ್ಣ ಇರುವ ಕೋಣೆ ಮಬ್ಬಾಗಿದೆಯೆಂದು ನಾವು ಗೊಣಗುತ್ತೇವೆ. ಅಲ್ಲಿಗೆ 50 ಲಕ್ಸ್ ಬೆಳಕು ಸಾಕೆಂಬ ರೂಢಿಯಿದೆ. ನಡುಮಧ್ಯಾಹ್ನದ ಬಯಲಲ್ಲಿ ಅದು ಒಂದು ಲಕ್ಷದ ಹತ್ತಿರ ಹೋಗುತ್ತದೆ. 1999ರಲ್ಲಿ ಪಾಲ್ ವಿಟ್ಮೋರ್ ಮತ್ತವರ ಜೊತೆಗಾರರು ಪ್ರಕಟಿಸಿದ ಉಪಾಯದಿಂದ, ಒಂದು ಮಿಲಿಮೀಟರಿಗಿಂತ ಚಿಕ್ಕ ಚುಕ್ಕೆಯ ಮೇಲೆ ಪ್ರಖರ ಬೆಳಕು ಬಿಟ್ಟು, ಯಾವ ಬಣ್ಣ ಬೇಗ ಮಾಸೀತು ಎಂದು ಕೆಲವೇ ನಿಮಿಷಗಳಲ್ಲಿ ಅಂದಾಜು ಮಾಡಬಹುದು. ಎಐ ಹಳೆಯ ಚಿತ್ರದ ಬಣ್ಣ ಮರಳಿ ತಂದಿತು ಎಂಬ ಸುದ್ದಿ ಓದಿದಾಗ ನನಗೆ ನಗು ಬರುತ್ತದೆ. ತಂದದ್ದು ಪರದೆಯ ಮೇಲೆ. ಕಡಿದುಹೋದ ಸರಪಳಿಯನ್ನು ಕೂಡಿಸಿದವರು ಯಾರೂ ಇಲ್ಲ.

ಇನ್ನು ಕಲ್ಲು. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಲ್ಲಿ ಬಹುಪಾಲು ಬಳಪದ ಕಲ್ಲಿನವು. ಉಗುರಿಗೇ ಗೀರು ಬೀಳುವ ಟಾಲ್ಕು, ಕ್ಲೋರೈಟು ಇರುವುದರಿಂದಲೇ ಶಿಲ್ಪಿಗೆ ಅಷ್ಟು ನಯವಾದ ಕೆತ್ತನೆ ಸಾಧ್ಯವಾಯಿತು. ಅದೇ ಮೆದುತನ ಕಂಟಕವೂ ಹೌದು. ನೆಲದ ತೇವದ ಜೊತೆ ಉಪ್ಪು ಕಲ್ಲಿನೊಳಕ್ಕೆ ಏರುತ್ತದೆ. ನೀರು ಆರಿದರೆ ಉಪ್ಪು ಹರಳುಗಟ್ಟಿ ಒಳಗಿಂದ ಒತ್ತುತ್ತದೆ, ಮೇಲ್ಪದರ ಹೊಪ್ಪಳೆಯಾಗಿ ಏಳುತ್ತದೆ. ವೈರ್ ಬ್ರಷ್ಷಿನಿಂದ ತಿಕ್ಕಿದರೆ ಹೋಗುವುದು ಕೊಳೆಯಲ್ಲ, ಮೂರ್ತಿಯ ಮೂಗು. ಬಿರುಕಿಗೆ ಸಿಮೆಂಟು ಮೆತ್ತಿದರೆ ಅದೂ ತನ್ನ ಪಾಲಿನ ಉಪ್ಪು ಸೇರಿಸುತ್ತದೆ. ಬಲ್ಲವರು ಒದ್ದೆ ಕಾಗದದ ತಿರುಳನ್ನು ಕಲ್ಲಿಗೆ ಮೆತ್ತಿ ಒಣಗಲು ಬಿಡುತ್ತಾರೆ. ಉಪ್ಪು ತಾನಾಗಿ ತಿರುಳಿಗೆ ಹರಿದುಬರುತ್ತದೆ. ಆದರೆ ಅದಕ್ಕೂ ಮುಂಚೆ ಯಾವ ಉಪ್ಪು, ಎಷ್ಟು ಆಳಕ್ಕಿದೆ ಎಂದು ಗೊತ್ತಾಗಬೇಕು. ವರದೆ ತುಂಗಭದ್ರೆಯನ್ನು ಕೂಡುವ ಈ ದಡದಲ್ಲಿ ಪಿರಮಿಡ್ಡಿನಂಥ ತಳದ ಮೇಲೆ ಸುಮಾರು ಒಂಬೈನೂರು ವರ್ಷದಿಂದ ನಿಂತ ಗುಡಿಯ ಎದುರು ಕೂತು ಇದನ್ನೆಲ್ಲ ಹೇಳುವುದು ಸುಲಭ; ಕೇಳುವವಳಿಗೆ ಕಲ್ಲು ಕಣ್ಣೆದುರೇ ಇತ್ತು.

ನಮ್ಮಲ್ಲಿ ಈ ಕೆಲಸ ಹೊಸದೇನಲ್ಲ. ಮದರಾಸಿನ ಸರ್ಕಾರಿ ಮ್ಯೂಸಿಯಂನಲ್ಲಿ 1930ರಲ್ಲೇ ಪ್ರಯೋಗಾಲಯ ಶುರುವಾಗಿ, ಎಸ್. ಪರಮಶಿವನ್ ಅವರು ಕಿಲುಬು ಹಿಡಿದ ಕಂಚಿನ ವಿಗ್ರಹಗಳನ್ನು ವಿದ್ಯುತ್ ಹರಿಸಿ ಉಳಿಸಿದರು. ಲಖನೌದಲ್ಲಿ 1976ರಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯ ಬಂತು. ಅದರ ಪ್ರಾದೇಶಿಕ ಶಾಖೆ ಮೈಸೂರಿನಲ್ಲೇ ಇದೆ. ಆದರೂ ನಮ್ಮ ರಸಾಯನಶಾಸ್ತ್ರದ ಮಕ್ಕಳಿಗೆ ಔಷಧ ಕಂಪನಿ ಬಿಟ್ಟರೆ ಬೇರೆ ದಾರಿ ತೋರಿಸುವವರು ಕಡಿಮೆ.

ಹೊರಡುವಾಗ ಅವಳಿಗೆ ಇಷ್ಟು ಹೇಳಿದೆ: ಅರ್ಜಿ ಹಾಕವ್ವಾ, ಆದರೆ ‘ನನಗೆ ಕಲೆಯೆಂದರೆ ಪ್ರೀತಿ’ ಅಂತ ಬರಿಬ್ಯಾಡ. ಯಾವ ಕಲ್ಲು, ಯಾವ ಉಪ್ಪು, ಎಷ್ಟು ತಿಂಗಳು ಕಾಯ್ತೀನಿ ಅಂತ ಬರಿ.